ಒಟ್ಟಿಗೆ ಯಾರುಂಟು?

ಕಳೆದ ತಿಂಗಳು ನಮ್ಮ ಕನ್ನಡ ಸಂಘದ ಹೊಸ ಸದಸ್ಯನೊಬ್ಬನ ಅರ್ಜಿ ನನ್ನ ಕೈಗೆ ಬಂತು. ಕಾಸರಗೋಡಿನ ಬದಿಯಡ್ಕ ಕಡೆಯ ಹುಡುಗ. ಶಾರ್ಜಾಕ್ಕೆ ಬಂದು ಎರಡು ತಿಂಗಳಾಗಿದೆಯಂತೆ. ನಮ್ಮ ಅರ್ಜಿಯಲ್ಲಿ ‘ಫ್ಯಾಮಿಲಿ’, ‘ಬ್ಯಾಚುಲರ್’ ಅಂತ ಎರಡು ಚೌಕಗಳಿವೆ. ಒಂದಕ್ಕೆ ಗುರುತು ಹಾಕಬೇಕು. ಅವನು ಎರಡನ್ನೂ ಬಿಟ್ಟು ಪಕ್ಕದಲ್ಲಿ ‘ಒಬ್ಬನೇ’ ಅಂತ ಬರೆದಿದ್ದ.

ಅವನದ್ದೇನೂ ತಪ್ಪಿಲ್ಲ. ಬ್ಯಾಚುಲರ್ ಅನ್ನೋ ಮಾತಿಗೆ ಈ ಕೊಲ್ಲಿ ನಾಡಿನಲ್ಲಿ ಬೇರೆಯೇ ಅರ್ಥ ಅಲ್ವಾ? ಊರಲ್ಲಿ ಹೆಂಡತಿ, ಮೂರು ಮಕ್ಕಳು, ಜೊತೆಗೊಬ್ಬ ಅಳಿಯ ಇದ್ದರೂ ಇಲ್ಲಿ ಬೆಡ್ ಸ್ಪೇಸಿನಲ್ಲಿ, ಅಂದ್ರೆ ಹಲವರ ರೂಮಿನ ಒಂದು ಬಾಡಿಗೆ ಮಂಚದಲ್ಲಿ, ಮಲಗುವವನು ಬ್ಯಾಚುಲರ್. ಹುಡುಗ ನಿಜಕ್ಕೂ ಮದುವೆಯಾಗದವನು. ಆದರೆ ಅವನು ಹೇಳಬೇಕು ಅಂದುಕೊಂಡದ್ದು ಅದಲ್ಲ.

ಆ ‘ಒಬ್ಬನೇ’ ನೋಡಿದಾಗ ನನಗೆ ಒಂದು ಬಸ್ಸು ನೆನಪಾಯಿತು. ಆಗ ನನಗೆ ಹತ್ತು ವರ್ಷ. ನಮ್ಮ ಮನೆ ಪೆರ್ಲದಿಂದ ಒಳಗೆ. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಮಲಯಾಳ ಅಂದ್ರೆ ಬಸ್ಸಿನ ಬೋರ್ಡಿನ ಮೇಲಿನ ದುಂಡು ಅಕ್ಷರ, ಅಷ್ಟೇ. ಅಪ್ಪ ಕಾಸರಗೋಡಿನಲ್ಲಿ ಹೊಸದುರ್ಗದ ಬಸ್ಸು ಹತ್ತಿಸಿದರು. ಅಲ್ಲಿ ಮಾವ ಕಾಯುತ್ತಿದ್ದರು. (ಚಿತ್ರದುರ್ಗದವರು ಗಾಬರಿಯಾಗಬೇಡಿ. ನಮ್ಮ ಹೊಸದುರ್ಗ ಅಂದ್ರೆ ಕಾಞಂಗಾಡು.)

ಕಂಡಕ್ಟರ್ ಬಂದು ‘ಒಟ್ಟಕ್ಕಾಣೋ?’ ಅಂತ ಕೇಳಿದ. ನನ್ನ ಕಿವಿಗೆ ಬಿದ್ದದ್ದು ‘ಒಟ್ಟಿಗಾ?’ ಓಹೋ, ಒಟ್ಟಿಗೆ ಯಾರಾದರೂ ಇದ್ದಾರಾ ಅಂತ ಕೇಳ್ತಿದ್ದಾನೆ. ಯಾರೂ ಇರಲಿಲ್ಲವಲ್ಲ. ಧೈರ್ಯವಾಗಿ ‘ಅಲ್ಲ’ ಅಂದೆ.

ಅವನು ಕೇಳಿದ್ದು ‘ಒಬ್ಬನೇನಾ?’ ಅಂತ. ‘ಅಲ್ಲ’ ಮಾತ್ರ ಎರಡೂ ಭಾಷೆಯಲ್ಲಿ ಒಂದೇ. ಹಾಗಾಗಿ ಆ ಕಂಡಕ್ಟರ್ ನನ್ನ ದೊಡ್ಡವರನ್ನು ಹುಡುಕುತ್ತಾ ಹೋದ. ಹಿಂದಿನ ಸೀಟಿನ ಅಜ್ಜನನ್ನು ಕೇಳಿದ. ಅವರು ತಲೆಯಲ್ಲಾಡಿಸಿದರು. ಮತ್ತೆ ನನ್ನ ಹತ್ತಿರ ಬಂದ. ಮತ್ತೆ ಅದೇ ಪ್ರಶ್ನೆ, ಅದೇ ‘ಅಲ್ಲ’. ಚಂದ್ರಗಿರಿ ಹೊಳೆ ದಾಟುವ ತನಕ ಇದು ನಡೆಯಿತು. ಕೊನೆಗೆ ಮುಂದೆ ಕೂತಿದ್ದ ಹೆಂಗಸೊಬ್ಬರು ತಿರುಗಿ ತುಳುವಿನಲ್ಲಿ ‘ಈ ಒರಿಯೆನಾ?’ (ನೀನೊಬ್ಬನೇನಾ?) ಅಂದರು. ‘ಅಂದ್’ (ಹೌದು) ಅಂದೆ. ಕಂಡಕ್ಟರಿಗೆ ಅವರೇ ಬಿಡಿಸಿ ಹೇಳಿದರು. ಇಡೀ ಬಸ್ಸು ನಕ್ಕಿತು.

ಮಲಯಾಳದ ಆ ‘ಟ್ಟ’ ನಮ್ಮ ಟ್ಟ ಅಲ್ಲ, ತ್ತ ಕೂಡ ಅಲ್ಲ, ನಡುವಿನದು. ‘ಒಟ್ಟ’ ಅಂದ್ರೆ ಒಂದೇ ಒಂದು. ನಮ್ಮ ‘ಒಂಟಿ’ಯ ದಾಯಾದಿ. ನಮ್ಮ ‘ಒಟ್ಟು’ ಅಂದ್ರೆ ರಾಶಿ, ಮೊತ್ತ. ಒಂದೇ ಬಸ್ಸಿನಲ್ಲಿ ಒಬ್ಬನಿಗೆ ಒಂಟಿಯಾಗಿ ಕೇಳಿದ್ದು ಇನ್ನೊಬ್ಬನಿಗೆ ಒಟ್ಟಾಗಿ ಕೇಳಿತು.

ಆ ಹುಡುಗ ‘ಒಂಟಿ’ ಅಂತ ಬರೆಯದೆ ‘ಒಬ್ಬನೇ’ ಅಂತ ಬರೆದದ್ದು ನನಗೆ ಇಷ್ಟವಾಯಿತು. ನಮ್ಮ ಕಡೆ ತನ್ನನ್ನು ತಾನು ಒಂಟಿ ಅಂದುಕೊಳ್ಳುವವರು ಕಡಿಮೆ. ಒಂಟಿ ಅನ್ನೋದು ಆನೆಗೆ. ಕಾರಡ್ಕ, ದೇಲಂಪಾಡಿ ಕಡೆ ತೋಟಕ್ಕೆ ಒಂಟಿ ಸಲಗ ಬಂತು ಅಂದ್ರೆ ಊರೇ ನಿದ್ದೆಗೆಡುತ್ತದೆ. ಹೊರಡುವಾಗ ಒಂಟಿ ಸೀನು ಬಂದರೆ ಅಪಶಕುನ, ಎರಡು ನಿಮಿಷ ಕೂತು ಹೋಗಬೇಕು. ಗಂಡಸರು ಕಿವಿಗೆ ಹಾಕುವ ಒಂಟಿ ಒಂದೇ ಸ್ವಲ್ಪ ಮರ್ಯಾದೆ ಪಡೆದದ್ದು. ‘ಒಬ್ಬೊಂಟಿ’ಯಂತೂ ನೋಡಿ, ಒಬ್ಬನ ಪಕ್ಕ ಇನ್ನೊಂದು ಒಂಟಿ ಕೂತಿದೆ. ಆದರೂ ಇಬ್ಬರಾಗಲಿಲ್ಲ!

ಹಾಗೆ ನೋಡಿದರೆ ನಮ್ಮ ಮನೆಗಳೆಲ್ಲ ಒಂಟಿ ಮನೆಗಳೇ. ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಬೀದಿ ನಮ್ಮಲ್ಲಿಲ್ಲ. ಅಡಿಕೆ ತೋಟದ ಈ ತುದಿಗೆ ಒಂದು, ಗುಡ್ಡದ ಆಚೆಗೆ ಇನ್ನೊಂದು. ನಡುವಿನ ದೂರಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ‘ಕೂಗಳತೆ’. ಒಂದು ಕೂ ಹಾಕಿದರೆ ಆಚೆಯಿಂದ ಕೂ ಬರಬೇಕು. ಬರುವಷ್ಟು ದೂರದಲ್ಲಿದ್ದರೆ ನೆರೆಮನೆ. ಇಲ್ಲಿ ಒಂದೇ ರೂಮಿನಲ್ಲಿ ಎಂಟು ಮಂಚ, ಅಳತೆ ಟೇಪು ಬೇಡ. ಕೂ ಹಾಕಿದರೆ ಮಾತ್ರ ವಾಚ್‌ಮನ್ ಬರುತ್ತಾನೆ.

‘ಏಕಾಂತ’ ಇನ್ನೊಂದು ತಮಾಷೆಯ ಪದ. ಅದರೊಳಗೆ ‘ಏಕ’ ಇದ್ದರೂ ಇಬ್ಬರಿಗೆ ಜಾಗ ಉಂಟು. ‘ನಿಮ್ಮ ಹತ್ತಿರ ಏಕಾಂತದಲ್ಲಿ ಮಾತಾಡಬೇಕು’ ಅನ್ನುತ್ತೇವೆ. ಹೊಸ ಜೋಡಿಗೆ ಏಕಾಂತ ಮಾಡಿಕೊಡುತ್ತೇವೆ. ಒಂಟಿತನಕ್ಕೆ ಆ ಸೌಲಭ್ಯ ಇಲ್ಲ.

ಗೆಳೆಯರೇ ಇಲ್ಲದವನಿಗೆ ಕನ್ನಡದಲ್ಲಿ ಬಳಕೆಯ ಒಂದು ಪದ ಹೇಳಿ ನೋಡೋಣ. ತಂದೆತಾಯಿ ಇಲ್ಲದವನು ತಬ್ಬಲಿ. ಯಾರೂ ಇಲ್ಲದವನು ದಿಕ್ಕಿಲ್ಲದವನು. ಗೆಳೆಯನಿಲ್ಲದವನಿಗೆ ನನಗೆ ಸಿಕ್ಕಿದ್ದು ‘ಗೆಳೆಯರಿಲ್ಲದವನು’ ಮಾತ್ರ. ಮಲಯಾಳದ ‘ಚಙ್ಙಾತಿ’ ನಮ್ಮ ‘ಸಂಗಾತಿ’ಯೇ. ಅವರಲ್ಲಿ ಅದು ಇನ್ನೂ ಗೆಳೆಯನೇ. ಚಙ್ಙಾತಿ ಒಳ್ಳೆಯವನಾದರೆ ಕನ್ನಡಿ ಬೇಡ ಅಂತ ಅವರ ಗಾದೆ. ನಾವು ಸಂಗಾತಿಯನ್ನು ಮದುವೆ ಕಾಗದಕ್ಕೆ ಕಳಿಸಿಬಿಟ್ಟೆವು. ಇದೊಂದು ನಷ್ಟ ಅಂತಲೇ ನನ್ನ ಲೆಕ್ಕ.

ಇನ್ನು ‘ಪರದೇಶಿ’. ಬೇರೆ ದೇಶದವನು ಅಂತ ನೇರ ಅರ್ಥ. ಆದರೆ ಕನ್ನಡದಲ್ಲಿ ಪರದೇಶಿ ಅಂದ್ರೆ ಕೇಳುವವರಿಲ್ಲದವನು. ಪಾಸ್‌ಪೋರ್ಟ್ ಮಾಡಿಸುವ ದಿನ ಅಜ್ಜಿ ‘ಪರದೇಶಿ ಆಗ್ತೀಯಾ?’ ಅಂದಾಗ ನಾನು ಹೌದು ಅಂತ ಹೆಮ್ಮೆಯಿಂದ ಹೇಳಿದ್ದೆ!

1956ರ ನವೆಂಬರ್ 1ರಂದು ಕನ್ನಡದ ಊರುಗಳು ಒಟ್ಟಾದವು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದ್ರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂದಿತು. ಅದು ಕಾಗದದಲ್ಲೇ ಉಳಿಯಿತು. ನಮ್ಮ ರಾಜ್ಯೋತ್ಸವದಲ್ಲಿ ಕಾಸರಗೋಡಿನವರು ಒಂದು ಕ್ಷಣ ತಡವಾಗಿ ಚಪ್ಪಾಳೆ ಹೊಡೆಯುವುದನ್ನು ನೀವು ಗಮನಿಸಿರಬಹುದು. ಆದರೂ ನಮ್ಮನ್ನು ಒಂಟಿ ಅನ್ನಬೇಡಿ. ಆ ಬಸ್ಸಿನಲ್ಲಿ ಮೂರನೇ ಭಾಷೆಯವರೊಬ್ಬರು ಇದ್ದೇ ಇದ್ದರು.

ಅಮ್ಮ ಈಗಲೂ ಫೋನಿನಲ್ಲಿ ‘ಹೇಗಿದ್ದೀಯ’ ಅಂತ ಕೇಳುವುದು ಕಡಿಮೆ. ಹವ್ಯಕದಲ್ಲಿ ‘ಒಟ್ಟಿಂಗೆ ಆರಿದ್ದವು?’ (ಒಟ್ಟಿಗೆ ಯಾರಿದ್ದಾರೆ?) ಅಂತ ಕೇಳುತ್ತಾರೆ. ಅರ್ಜಿಯ ಆ ಎರಡು ಚೌಕ ತೆಗೆದು ‘ಒಟ್ಟಿಗೆ ಯಾರುಂಟು?’ ಅಂತ ಒಂದು ಸಾಲು ಹಾಕೋಣ ಅಂತ ಸಮಿತಿಯಲ್ಲಿ ಹೇಳಿದೆ. ಹಳೆಯ ಫಾರಂ ಇನ್ನೂರು ಉಳಿದಿವೆ, ಮುಗಿಯಲಿ ಅಂದರು ಜಂಟಿ ಕಾರ್ಯದರ್ಶಿ. ಸಂಘದಲ್ಲಿ ಹುದ್ದೆ ಜಂಟಿ, ಕೆಲಸ ಒಂಟಿ. ಅದು ಅವರಿಗೂ ಗೊತ್ತು.

ಸಂಘದ ಪತ್ರಿಕೆಯ ಈ ಸಂಚಿಕೆ ಮಡಚಿ ಕವರಿಗೆ ಹಾಕಲು ಶನಿವಾರ ಬರ್ತೀಯಾ ಅಂತ ಆ ಹುಡುಗನಿಗೆ ಫೋನ್ ಮಾಡಿದೆ. ‘ಬರ್ತೇನೆ ಸಾರ್, ಒಟ್ಟಿಗೆ ಯಾರುಂಟು?’ ಅಂತ ಕೇಳಿದ.

‘ಸದ್ಯಕ್ಕೆ ನಾನೊಬ್ಬನೇ’ ಅಂದೆ.