ಲಂಡನ್ನಿನ ವಾದ್ಯವೃಂದ ಮತ್ತು ನಮ್ಮ ಮಹಾರಾಜರು

ಲಂಡನ್

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಿ.

ಇಲ್ಲಿಯ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ನಮ್ಮ ಜಯಚಾಮರಾಜ ಒಡೆಯರು ನೆರವಾದದ್ದು ನಿಜವೇ ಎಂದು ಕೇಳಿದ್ದಿರಿ. ನಿಜವೇ, ಅದೂ ಮೈಸೂರಿನಲ್ಲಿ ನಾವು ತಿಳಿದಿರುವುದಕ್ಕಿಂತ ಹೆಚ್ಚಾಗಿ. ಇಎಂಐ ಸಂಸ್ಥೆಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಮಹಾಯುದ್ಧ ಮುಗಿದ 1945ರಲ್ಲಿಯೇ, ಮುಖ್ಯವಾಗಿ ಧ್ವನಿಮುದ್ರಣಕ್ಕೆಂದು ಈ ವೃಂದವನ್ನು ಕಟ್ಟಿದರು. ಅದೇ ಅಕ್ಟೋಬರಿನಲ್ಲಿ ನಡೆದ ಮೊದಲ ಕಛೇರಿಯನ್ನು ಥಾಮಸ್ ಬೀಚಮ್ ನಿರ್ದೇಶಿಸಿದರು.

ರಷ್ಯಾದಿಂದ ಬಂದು ಇಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಾರದೆ ಬಾಳುತ್ತಿದ್ದ ನಿಕೊಲಾಯ್ ಮೆಡ್ಟ್‌ನರ್ ಎಂಬ ವಾಗ್ಗೇಯಕಾರರ (ಹೀಗೆನ್ನಬಹುದಾದರೆ!) ಕೃತಿಗಳನ್ನು ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು, ಹಾಗಾಗಿಯೇ ಮೆಡ್ಟ್‌ನರ್ ತಮ್ಮ ಮೂರು ಪಿಯಾನೋ ಕನ್ಸರ್ಟೋಗಳನ್ನು (ಪಿಯಾನೋ ಮತ್ತು ವಾದ್ಯವೃಂದಕ್ಕೆಂದು ರಚಿಸಿದ ಕೃತಿಗಳನ್ನು) ಈ ವೃಂದದೊಂದಿಗೆ ತಾವೇ ನುಡಿಸಿ ಉಳಿಸಿಹೋದರು. ಮೂರನೆಯದನ್ನು ಅವರು ಮಹಾರಾಜರಿಗೇ ಅರ್ಪಿಸಿದ್ದಾರೆ. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಮಹಾರಾಜರೇ. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ತೀರಿಕೊಂಡ ಮೇಲೆ, ಅವರ ಕಡೆಯ ನಾಲ್ಕು ಗೀತೆಗಳನ್ನು 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗಲೂ ಆ ಕಛೇರಿಯ ಹಿಂದೆ ಮೈಸೂರಿನ ಹಣವಿತ್ತು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕೀರ್ತನೆ ರಚಿಸಿದ ದೊರೆಗೆ ಕರ್ನಾಟಕ ಸಂಗೀತ, ಪಾಶ್ಚಾತ್ಯ ಸಂಗೀತ ಇವೆರಡೂ ಬೇರೆ ಬೇರೆ ಲೋಕಗಳೆಂದು ಅನ್ನಿಸಿರಲಾರದು.

ಕರಾಯಾನ್, ಟೊಸ್ಕನೀನಿ ಮೊದಲಾದ ಘಟಾನುಘಟಿ ಸಂಗೀತ ನಿರ್ದೇಶಕರು ಈ ವೃಂದವನ್ನು ನಿರ್ದೇಶಿಸಿದ್ದು ಎಲ್ಲರೂ ಹೇಳುವ ಮಾತು. ನನಗೆ ಹೆಚ್ಚಿನದೆನಿಸುವುದು 1964ರ ಸಂಗತಿ. ಆ ಮಾರ್ಚಿನಲ್ಲಿ ಲೆಗ್ ಇದ್ದಕ್ಕಿದ್ದಂತೆ ವೃಂದವನ್ನು ನಿಲ್ಲಿಸುವುದಾಗಿ ಸಾರಿದಾಗ, ವಾದಕರು ಚದುರಿಹೋಗದೆ ಒಂದು ವಾರದೊಳಗೆ ಸಭೆ ಸೇರಿ, ತಮ್ಮ ಆಡಳಿತವನ್ನು ತಾವೇ ವಹಿಸಿಕೊಂಡು, ನ್ಯೂ ಫಿಲ್ಹಾರ್ಮೋನಿಯಾ ಎಂದು ಮರುಹುಟ್ಟು ಪಡೆದರು. ಹೆಸರಾಂತ ಸಂಗೀತ ನಿರ್ದೇಶಕ, ವೃದ್ಧ ಕ್ಲೆಂಪರರ್ ಆ ವಾದಕರ ಬೆನ್ನಿಗೆ ನಿಂತು, ಅದೇ ವರ್ಷದ ಅಕ್ಟೋಬರಿನಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ನಿರ್ದೇಶಿಸಿದರು. ಹಳೆಯ ಹೆಸರು ಮರಳಿ ದಕ್ಕಿದ್ದು 1977ರಲ್ಲಿ. ಕಟ್ಟಿದವರ ಶ್ರೇಯಸ್ಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂದಿಗೂ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಈ ವೃಂದದ ಕಛೇರಿಗಳು ನಡೆಯುತ್ತಿರುವುದು ಆ ವಾದಕರ ಹಠದಿಂದ ಎಂಬುದು ನನ್ನ ಅಭಿಪ್ರಾಯ.

ಊರಿಗೆ ಬರುವಾಗ ಮೆಡ್ಟ್‌ನರ್ ಮುದ್ರಿಕೆಗಳನ್ನು ತರುತ್ತೇನೆ. ಮಹಾರಾಜರ ಅಭಿರುಚಿ ಎಂಥದ್ದಾಗಿತ್ತೆಂದು ನೀವೇ ಕೇಳಿ ತೀರ್ಮಾನಿಸಬಹುದು. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು