ಲಾಲ್‌ಬಾಗ್‌ನಲ್ಲಿ ನಮ್ಮ ಕಲಾವಿದರಿಗೂ ಒಂದು ಗೋಡೆ ಇರಲಿ

ಮಾನ್ಯ ಸಂಪಾದಕರೇ,

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ. ಉಳಿದ ದಿನಗಳಲ್ಲೂ ಈ ತೋಟ ಬರಿದಾಗಿರುವುದಿಲ್ಲ. ಬೆಳಗಿನ ವಾಯುವಿಹಾರಕ್ಕೆ ಬರುವ ಹಿರಿಯರು, ಶಾಲಾ ಪ್ರವಾಸದ ಮಕ್ಕಳು, ಊರಿನಿಂದ ಬಂದ ನೆಂಟರಿಗೆ ಗಾಜಿನ ಮನೆ ತೋರಿಸಲು ಕರೆತರುವ ಕುಟುಂಬಗಳು, ಹೀಗೆ ಎಲ್ಲ ವರ್ಗದವರೂ ಇಲ್ಲಿಗೆ ಬರುತ್ತಾರೆ. ಇಷ್ಟು ಜನ ಓಡಾಡುವ ಜಾಗದಲ್ಲಿ, ಈಗಿರುವ ಕಟ್ಟಡವೊಂದರ ಒಂದು ಕೊಠಡಿಯನ್ನು ಸಂದರ್ಶಕರ ಕೇಂದ್ರವಾಗಿಸಿ, ಅಲ್ಲಿ ವರ್ಷವಿಡೀ ಬೆಂಗಳೂರಿನ ಮತ್ತು ಸುತ್ತಲಿನ ಜಿಲ್ಲೆಗಳ ಕಲಾವಿದರ ಕೃತಿಗಳಿಗೆ ಸಮುದಾಯ ಕಲಾ ಗ್ಯಾಲರಿಯೊಂದನ್ನು ರೂಪಿಸಬೇಕೆಂದು ತೋಟಗಾರಿಕೆ ಇಲಾಖೆಯನ್ನೂ ಕರ್ನಾಟಕ ಲಲಿತಕಲಾ ಅಕಾಡೆಮಿಯನ್ನೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಹೊರದೇಶಗಳ ಅನೇಕ ಸಸ್ಯೋದ್ಯಾನ ಮತ್ತು ಅಭಯಾರಣ್ಯಗಳ ಸಂದರ್ಶಕ ಕೇಂದ್ರಗಳಲ್ಲಿ ಇಂಥ ವ್ಯವಸ್ಥೆ ಇದೆ. ನಕ್ಷೆ ಕೇಳಲು ಒಳಗೆ ಬಂದವರು ಆ ಊರಿನ ಕಲಾವಿದರ ಚಿತ್ರಗಳನ್ನೂ ನೋಡಿಕೊಂಡು ಹೊರಡುತ್ತಾರೆ.

ಬೆಂಗಳೂರಿನಲ್ಲಿ ಗ್ಯಾಲರಿಗಳಿಗೇನು ಕಡಿಮೆ ಎಂದು ಕೆಲವರು ಕೇಳಬಹುದು. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ, 2009ರಲ್ಲಿ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇವೆಲ್ಲವೂ ನಮ್ಮ ಹೆಮ್ಮೆಯ ಸಂಸ್ಥೆಗಳು. 2003ರಿಂದ ಕುಮಾರ ಕೃಪಾ ರಸ್ತೆಯಲ್ಲಿ ನಡೆದುಬಂದಿರುವ ಚಿತ್ರಸಂತೆಯಂತೂ ಸಾಮಾನ್ಯ ಜನರೂ ಚಿತ್ರ ಕೊಳ್ಳಬಲ್ಲರು ಎಂಬುದನ್ನು ತೋರಿಸಿಕೊಟ್ಟಿದೆ. ಆದರೆ ಸಂತೆ ವರ್ಷಕ್ಕೊಮ್ಮೆ, ಜನವರಿಯ ಒಂದು ಭಾನುವಾರ ಮಾತ್ರ ಸೇರುತ್ತದೆ. ಉಳಿದ ದಿನಗಳಲ್ಲಿ ಗ್ಯಾಲರಿಯ ಮೆಟ್ಟಿಲು ಹತ್ತುವವರು ಹೆಚ್ಚಾಗಿ ಕಲೆಯ ಪರಿಚಯ ಮೊದಲೇ ಇರುವವರು. ಚಿತ್ರ ನೋಡಬೇಕೆಂದು ಮನೆಯಿಂದ ಹೊರಡುವ ಅಭ್ಯಾಸವಿಲ್ಲದ, ಎದುರಿಗೆ ಕಂಡರೆ ನಿಂತು ನೋಡುವ ಬಹುದೊಡ್ಡ ಜನವರ್ಗಕ್ಕೆ ನಮ್ಮ ಕಲಾವಿದರ ಕೆಲಸ ತಲುಪುತ್ತಲೇ ಇಲ್ಲ. 2013ರಲ್ಲಿ ಎಂ.ಜಿ. ರಸ್ತೆಯ ಮೆಟ್ರೊ ಮಾರ್ಗದ ಕೆಳಗೆ ಆರಂಭವಾದ ರಂಗೋಲಿ ಕಲಾ ಕೇಂದ್ರ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆಯಾಗಿತ್ತು. ಅಂಥ ಜಾಗಗಳು ನಗರದಲ್ಲಿ ಇನ್ನೂ ಹಲವು ಬೇಕು.

ನಾನು ಬಹಳ ಕಾಲದಿಂದ ಚಿತ್ರಕಲಾ ಶಿಕ್ಷಕಿಯಾಗಿರುವುದರಿಂದ ಒಂದು ಪ್ರದರ್ಶನದ ಹಿಂದೆ ಎಷ್ಟು ಖರ್ಚು, ಎಷ್ಟು ಓಡಾಟ ಇರುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲೆ. ಹಾಲ್ ಬಾಡಿಗೆ, ಮುಂಗಡ, ಆಹ್ವಾನ ಪತ್ರಿಕೆ, ಪ್ರತಿ ಚಿತ್ರಕ್ಕೂ ಮೌಂಟ್ ಬೋರ್ಡ್, ಗಾಜು, ಚೌಕಟ್ಟು, ಸಾಗಣೆ ಇವೆಲ್ಲ ಸೇರಿದರೆ ಹೊಸಬರಿಗೆ ತಿಂಗಳುಗಳ ಸಂಪಾದನೆ ಸಾಲುವುದಿಲ್ಲ. ಖಾಸಗಿ ಗ್ಯಾಲರಿಗಳಲ್ಲಿ ಅವಕಾಶ ಸಿಕ್ಕರೂ ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಗ್ಯಾಲರಿಗೆ ಹೋಗುತ್ತದೆ. ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಸಾಲ ಮಾಡಿ ಒಂದು ಹಾಲ್ ಹಿಡಿದು ಬೆಂಗಳೂರಿನ ಕೆರೆಗಳ ಜಲವರ್ಣ ಚಿತ್ರಗಳನ್ನು ಪ್ರದರ್ಶಿಸಿದಳು. ಉದ್ಘಾಟನೆಯ ದಿನ ಬಂಧುಗಳು, ಸಹಪಾಠಿಗಳು ಬಂದರು. ಆಮೇಲೆ ಪ್ರವೇಶದ ಬಳಿ ಇಟ್ಟಿದ್ದ ಅಭಿಪ್ರಾಯ ಪುಸ್ತಕದಲ್ಲಿ ಪರಿಚಿತರ ಕೈಬರಹವೇ ಹೆಚ್ಚಾಗಿ ಕಾಣುತ್ತಿತ್ತು. ಕೊನೆಯ ದಿನ ಸಂಜೆ ಅಷ್ಟೂ ಚಿತ್ರಗಳನ್ನು ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಗೂಡ್ಸ್ ಆಟೋಗೆ ಏರಿಸಿಕೊಂಡು ಅವಳ ತಂದೆ ಮನೆಗೆ ಒಯ್ದರು. ಚಿತ್ರಗಳಲ್ಲಿ ಕೊರತೆಯಿರಲಿಲ್ಲ, ಅವನ್ನು ನೋಡಬೇಕಾದ ಜನ ಅಲ್ಲಿಗೆ ಬರಲೇ ಇಲ್ಲ ಎಂದು ನಾನು ದೃಢವಾಗಿ ಹೇಳಬಲ್ಲೆ.

ಲಾಲ್‌ಬಾಗ್ ಅನ್ನೇ ಹೆಸರಿಸಿ ಕೇಳುತ್ತಿರುವುದಕ್ಕೆ ಜನಸಂದಣಿಯೊಂದೇ ಕಾರಣವಲ್ಲ. ಚಿತ್ರಕಲೆ ಈ ತೋಟಕ್ಕೆ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಾನ್ ಕ್ಯಾಮೆರಾನ್ ಇಲ್ಲಿನ ಮೇಲ್ವಿಚಾರಕರಾಗಿದ್ದಾಗ ಚೆಲುವಯ್ಯ ರಾಜು ಎಂಬ ಕಲಾವಿದರು ಈ ತೋಟದ ಗಿಡ, ಹೂವು, ಹಣ್ಣುಗಳನ್ನು ಚಿತ್ರಿಸುತ್ತಿದ್ದರು. ಸಸ್ಯಚಿತ್ರ ಬರೆಯುವವರಿಗೆ ಹೂವಿನ ಚೆಲುವನ್ನು ಹಿಡಿದರೆ ಸಾಲದು. ಎಲೆಯ ಮೇಲ್ಮೈಯನ್ನೂ ಹಿಂಬದಿಯನ್ನೂ ಬೇರೆಬೇರೆಯಾಗಿ ತೋರಿಸಬೇಕು, ನರಗಳು ಕವಲೊಡೆಯುವ ರೀತಿ ತಪ್ಪಬಾರದು, ಹೂವನ್ನು ಸೀಳಿ ಕೇಸರಗಳನ್ನು ಬಿಡಿಸಿಡಬೇಕು, ಕಾಯಿಯನ್ನು ಅಡ್ಡಲಾಗಿ ಕೊಯ್ದು ಬೀಜ ಕೂತಿರುವ ಬಗೆ ಕಾಣಿಸಬೇಕು. ಕಿತ್ತ ಹೂ ಬಾಡುವುದರೊಳಗೆ ಅದರ ನಿಜವಾದ ಬಣ್ಣವನ್ನು ಕಾಗದಕ್ಕೆ ಇಳಿಸಬೇಕು. ಇಷ್ಟು ಶ್ರದ್ಧೆ ಬೇಡುವ ಕೆಲಸವನ್ನು ಮಾಡಿದ ಕಲಾವಿದರ ಹೆಸರು ಇಂದು ತೋಟಕ್ಕೆ ಬರುವ ಸಾವಿರ ಜನರಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ ಎಂಬುದು ಅನುಮಾನ. ಕ್ಯಾಮೆರಾನ್ ತಂದು ಬೆಳೆಸಿದ ಸೀಮೆಬದನೆ ನಮ್ಮ ಅಡುಗೆಮನೆಗಳಲ್ಲಿ ಉಳಿದಿದೆ. ಅದೇ ಕಾಲದ ಚಿತ್ರಕಾರನಿಗೂ ತೋಟದೊಳಗೆ ಒಂದು ನೆಲೆ ಸಿಗಬೇಡವೇ? ಮೂಲ ಚಿತ್ರಗಳನ್ನು ಬೆಳಕಿಗೆ ಒಡ್ಡುವುದು ಸರಿಯಲ್ಲ, ಒಳ್ಳೆಯ ಗುಣಮಟ್ಟದ ಪ್ರತಿಗಳನ್ನು ತೂಗುಹಾಕಿದರೆ ಸಾಕು.

ನಮ್ಮ ನಾಡಿನ ಇತರ ಕಲೆಗಳಿಗೂ ಗಿಡಮರಗಳಿಗೂ ಇರುವ ನಂಟನ್ನು ತೋರಿಸಲು ಸಸ್ಯತೋಟಕ್ಕಿಂತ ಉತ್ತಮ ಜಾಗ ಇನ್ನೊಂದಿಲ್ಲ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಪುಂಡಿ ಗಿಡದ ನಾರಿನ ಕುಂಚ ಹಿಡಿಯುತ್ತಾರೆ. ಅಕ್ಕಿಯಿಂದ ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ ಬಣ್ಣ ಮಾಡಿಕೊಳ್ಳುತ್ತಾರೆ. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಾರರು ಹಿಂದೆ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದರು. ಚನ್ನಪಟ್ಟಣದ ಬೊಂಬೆಗಳನ್ನು ಆಲೆ ಮರದಲ್ಲಿ ಕಡೆಯುತ್ತಾರೆ. ಗ್ಯಾಲರಿಯಲ್ಲಿ ಬೊಂಬೆಯನ್ನು ನೋಡಿದ ಮಗು ಅದೇ ತೋಟದಲ್ಲಿ ಅದರ ಮರವನ್ನೂ ಮುಟ್ಟಿ ನೋಡುವಂತಾದರೆ ಪಾಠಪುಸ್ತಕ ಕಲಿಸಲಾರದ್ದನ್ನು ಆ ಮಗು ಕಲಿಯುತ್ತದೆ.

ಇದಕ್ಕಾಗಿ ಲಾಲ್‌ಬಾಗ್‌ನಲ್ಲಿ ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡಬೇಕಾಗಿಲ್ಲ, ಇಡಬಾರದು ಕೂಡ. ತೋಟದ ನೆಲ ಗಿಡಮರಗಳಿಗೇ ಮೀಸಲಾಗಿರಬೇಕು ಎನ್ನುವವರ ಜತೆ ನಾನೂ ಇದ್ದೇನೆ. ಇರುವ ಕಟ್ಟಡದಲ್ಲೇ ನೇರ ಬಿಸಿಲು ಬೀಳದ ಗೋಡೆಗಳನ್ನು ಆರಿಸಬೇಕು, ಏಕೆಂದರೆ ಬಿಸಿಲು ತಾಗಿದರೆ ಜಲವರ್ಣ ಬೇಗ ಮಾಸುತ್ತದೆ. ಮಳೆಗಾಲದ ತೇವ ಅದಕ್ಕಿಂತ ದೊಡ್ಡ ಶತ್ರು. ಚೌಕಟ್ಟಿನ ಹಿಂದೆ ಗಾಳಿಯಾಡದಿದ್ದರೆ ಕಾಗದದ ಮೇಲೆ ಬೂಷ್ಟು ಹಿಡಿದು ಕಂದು ಚುಕ್ಕೆಗಳು ಏಳುತ್ತವೆ, ಅವನ್ನು ತೆಗೆಯುವುದು ಬಹಳ ಕಷ್ಟ. ಹಾಗಾಗಿ ಗೋಡೆಗೆ ಮೊಳೆ ಹೊಡೆಯುವ ಬದಲು ಮೇಲ್ಗಡೆ ಕಂಬಿ ಹಾಕಿ, ಚಿತ್ರಗಳು ಗೋಡೆಗೆ ಅಂಟದಂತೆ ತೂಗುಹಾಕುವ ವ್ಯವಸ್ಥೆ ಆಗಬೇಕು. ಇಷ್ಟಕ್ಕೆ ದೊಡ್ಡ ಅನುದಾನವೇನೂ ಬೇಡ.

ಕಟ್ಟಡಕ್ಕಿಂತ ಮುಖ್ಯವಾದದ್ದು ಆಯ್ಕೆಯ ನಿಯಮ. ಅರ್ಜಿ ಕರೆಯುವ ಪ್ರಕಟಣೆ ಕನ್ನಡ ಪತ್ರಿಕೆಗಳಲ್ಲಿ ಬರಬೇಕು. ಶಿಫಾರಸು ಪತ್ರಕ್ಕೆ ಅವಕಾಶವಿರಬಾರದು. ಕಲಾ ಶಾಲೆಯ ಪ್ರಮಾಣಪತ್ರ ಇರುವವರಷ್ಟೇ ಹಕ್ಕು ಮನೆಯಲ್ಲೇ ಕಲಿತ ಗೃಹಿಣಿಗೂ, ದಿನವಿಡೀ ಅಂಗಡಿ ಫಲಕ ಬರೆದು ರಾತ್ರಿ ತನಗಾಗಿ ಚಿತ್ರ ಬರೆಯುವವನಿಗೂ ಇರಬೇಕು. ಆಯ್ಕೆ ಸಮಿತಿಯ ಸದಸ್ಯರು ಪ್ರತಿವರ್ಷ ಬದಲಾಗಲಿ. ಬಾಡಿಗೆ ಬೇಡ, ಮಾರಾಟವಾದರೆ ಹಣ ಪೂರ್ತಿಯಾಗಿ ಕಲಾವಿದರಿಗೇ ಸೇರಲಿ. ಪ್ರತಿ ಕೃತಿಯ ಕೆಳಗೆ ಕಲಾವಿದರ ಹೆಸರು, ಊರು, ಬಳಸಿದ ಮಾಧ್ಯಮ, ಬೆಲೆ ಇಷ್ಟೂ ಕನ್ನಡದಲ್ಲಿ ಸ್ಪಷ್ಟವಾಗಿರಲಿ. ಬೆಲೆ ಕೇಳಲು ಸಂಕೋಚಪಟ್ಟು ಹಿಂದಿರುಗುವವರನ್ನು ನಾನು ಬಹಳ ಮಂದಿಯನ್ನು ನೋಡಿದ್ದೇನೆ. ಒಬ್ಬರಿಗೆ ಒಂದು ತಿಂಗಳಿಗಿಂತ ಹೆಚ್ಚು ಅವಧಿ ಕೊಡದಿದ್ದರೆ ಸರದಿಯೂ ಬೇಗ ಬರುತ್ತದೆ.

ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದೇ ಬರುತ್ತದೆ. ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಸರ್ಕಾರ ಮುಂದಾದಾಗ 2016ರಲ್ಲಿ ಬೆಂಗಳೂರಿನ ಕಲಾವಿದರು ಒಗ್ಗಟ್ಟಾಗಿ ಪ್ರತಿಭಟಿಸಿದ್ದನ್ನು ಓದುಗರು ಮರೆತಿರಲಾರರು. ಸಾಮಾನ್ಯ ಕಲಾವಿದನ ಕೈಗೆಟುಕುವ ಸಾರ್ವಜನಿಕ ಜಾಗ ಕೈತಪ್ಪೀತೆಂಬ ಆತಂಕ ಅದರ ಹಿಂದಿತ್ತು, ಆ ಆತಂಕ ನ್ಯಾಯವಾದದ್ದೇ ಆಗಿತ್ತು. ಉದ್ಯಮಗಳು ದೀಪಕ್ಕೋ ಕಂಬಿಗೋ ದೇಣಿಗೆ ಕೊಡುವುದಾದರೆ ಸ್ವಾಗತ, ಆದರೆ ಯಾರ ಚಿತ್ರ ಗೋಡೆಗೇರಬೇಕೆಂಬ ನಿರ್ಧಾರ ಸಾರ್ವಜನಿಕ ಸಮಿತಿಯಲ್ಲೇ ಉಳಿಯಬೇಕು.

ತೋಟಗಾರಿಕೆ ಇಲಾಖೆ ಜಾಗ ಕೊಟ್ಟು, ಅಕಾಡೆಮಿ ಆಯ್ಕೆಯ ಹೊಣೆ ಹೊತ್ತರೆ ಮುಂದಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೇ ಪ್ರಾಯೋಗಿಕವಾಗಿ ಆರಂಭಿಸಬಹುದು. ಒಂದು ಗೋಡೆಯ ಮೇಲೆ ಚೆಲುವಯ್ಯ ರಾಜು ಅವರ ಸಸ್ಯಚಿತ್ರಗಳ ಪ್ರತಿಗಳು, ಉಳಿದ ಗೋಡೆಗಳ ಮೇಲೆ ಇಂದಿನವರ ಕೃತಿಗಳು ಇರಲಿ. ಮೇಲ್ವಿಚಾರಣೆಗೆ ಸಿಬ್ಬಂದಿ ಕೊರತೆ ಇದ್ದರೆ ವಾರಾಂತ್ಯಗಳಲ್ಲಿ ಸರದಿಯಂತೆ ಕುಳಿತು ಬಂದವರಿಗೆ ವಿವರಣೆ ನೀಡಲು ನಾನು ಸಂತೋಷದಿಂದ ಸಿದ್ಧಳಿದ್ದೇನೆ, ನನ್ನಂಥ ಚಿತ್ರಕಲಾ ಶಿಕ್ಷಕರು ಇನ್ನೂ ಹಲವರು ಕೈಜೋಡಿಸುತ್ತಾರೆಂಬ ಭರವಸೆಯೂ ನನಗಿದೆ. ಸಂಬಂಧಪಟ್ಟವರು ಕಲಾವಿದರನ್ನೂ ತೋಟದ ಹಿತಚಿಂತಕರನ್ನೂ ಕರೆದು ಮೊದಲ ಸಭೆಯ ದಿನಾಂಕವನ್ನು ಬೇಗ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಚಿತ್ರಕಲಾ ಶಿಕ್ಷಕಿ
ಜಯನಗರ, ಬೆಂಗಳೂರು