ಕಾಳಿಂಗದ ಊರಿನವರ ಜರ್ಮನ್ ಚರ್ಚೆ

ಆತ್ಮೀಯ ಬಂಧುಗಳೇ,

ಅಪಾಯಕಾರಿ ಪ್ರಾಣಿಗಳನ್ನು ಮನೆಯಲ್ಲಿ ಸಾಕಲು ಬಿಡಬೇಕೇ, ಬೇಡವೇ? ಜರ್ಮನ್ ಕಲಿತವರಿಗೆ ಈ ಪ್ರಶ್ನೆ ಹೊಸದೇನಲ್ಲ. ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ, ಶಾಲೆಗೆ ಸಮವಸ್ತ್ರ ಬೇಕೇ ಅನ್ನುವ ಸಾಲಿನಲ್ಲಿ ಇದೂ ಒಂದು. ನಮ್ಮಲ್ಲಿ ಎಷ್ಟೋ ಜನ ಇಂಥ ವಿಷಯಗಳ ಮೇಲೆ ಬಾಯಿಪಾಠ ಮಾಡಿದ ನಾಲ್ಕು ಮಾತು ಒಪ್ಪಿಸಿ, ಪರೀಕ್ಷೆ ಪಾಸಾಗಿ ಜರ್ಮನಿಗೆ ಬಂದವರೇ. ಈ ಸಲ ರಜೆಗೆ ಊರಿಗೆ ಹೋದಾಗ, ಶಿವಮೊಗ್ಗದ ದುರ್ಗಿಗುಡಿಯ ಒಂದು ಜರ್ಮನ್ ತರಗತಿಯಲ್ಲಿ ಕೂತು ಇದೇ ಚರ್ಚೆಯನ್ನು ಕೇಳಿದೆ. ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜರ್ಮನಿಯಲ್ಲಿರುವ ನಮ್ಮ ಕನ್ನಡ ಸಂಘ ಮಾಡಬಹುದಾದ ಒಂದು ಕೆಲಸ ಅದರಲ್ಲಿದೆ.

ತರಗತಿಯಲ್ಲಿ ಜಾಸ್ತಿ ಇದ್ದವರು ನರ್ಸಿಂಗ್ ಮುಗಿಸಿದ ಹುಡುಗಿಯರು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರು. ಜೊತೆಗೆ ಇಂಜಿನಿಯರಿಂಗ್ ಓದಿ ಮಾಸ್ಟರ್ಸ್‌ಗೆ ಹೊರಟ ಕೆಲವು ಹುಡುಗರು. ನರ್ಸ್‌ಗಳಿಗೆ ಇಲ್ಲಿ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಬೇಕು. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯಟೆ ಸಂಸ್ಥೆಯ ಬಿ2 ಪರೀಕ್ಷೆಯ ಮಾತಿನ ಭಾಗದಲ್ಲಿ ಇಬ್ಬರು ಅಭ್ಯರ್ಥಿಗಳು ಎದುರುಬದುರು ಕೂತು ಒಂದು ವಿಷಯದ ಮೇಲೆ ವಾದ ಮಾಡಬೇಕು. ಹಾಗಾಗಿ ಈ ಅಭ್ಯಾಸ ಅವರಿಗೆ ಅನಿವಾರ್ಯ.

ಪಾಠ ಹೇಳುವ ಮೇಡಂ ಜರ್ಮನಿಯ ಶಾಲೆಗಳಲ್ಲಿ ನಡೆಯುವ ‘ಯೂಗೆಂಟ್ ಡೆಬಟೀರ್ಟ್’ ಸ್ಪರ್ಧೆಯ ಕ್ರಮವನ್ನೇ ಹಿಡಿದಿದ್ದರು. ನಿಮ್ಮ ಮಕ್ಕಳು ಶಾಲೆಯಲ್ಲಿ ಇದನ್ನು ಮಾಡಿರಬಹುದು. ಪರ ಇಬ್ಬರು, ವಿರೋಧ ಇಬ್ಬರು. ಮೊದಲಿಗೆ ಒಬ್ಬೊಬ್ಬರಿಗೂ 2 ನಿಮಿಷ, ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ಆಮೇಲೆ 12 ನಿಮಿಷ ಮುಕ್ತ ಮಾತು. ಕೊನೆಗೆ ಒಬ್ಬೊಬ್ಬರಿಗೆ 1 ನಿಮಿಷ. ಆ ಕೊನೆಯ ನಿಮಿಷದಲ್ಲಿ ಹೊಸ ವಾದ ತರುವ ಹಾಗಿಲ್ಲ. ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಅದೇ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಕೊಡಬೇಕು. ಅಂಕ ಕೊಡುವಾಗ ವಿಷಯ ಎಷ್ಟು ಗೊತ್ತು, ಮಾತು ಎಷ್ಟು ಚೆನ್ನಾಗಿದೆ ಅನ್ನುವುದರ ಜೊತೆಗೆ ಎದುರಿನವರ ಮಾತಿಗೆ ಕಿವಿಗೊಟ್ಟರೇ ಅನ್ನುವುದನ್ನೂ ನೋಡುತ್ತಾರೆ. ಟಿವಿ ಚರ್ಚೆಗಳ ಕಿರುಚಾಟ ಕೇಳಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಒಂದು ನಿಯಮವಾದರೂ ಬೇಕೇ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಯಾರು ಯಾವ ಕಡೆ ಅಂತ ಚೀಟಿ ಎತ್ತಿ ತೀರ್ಮಾನಿಸಿದರು. ಪರ ವಹಿಸುವ ಚೀಟಿ ಬಂದವರ ಮುಖ ಬಾಡಿತು. ಹಾವು ಸಾಕುವುದಾ, ಅದೂ ಬೇಕು ಬೇಕಂತ? ಮಲೆನಾಡಿನ ಮನೆಯಲ್ಲಿ ಹುಟ್ಟಿದವರಿಗೆ ಈ ಆಸೆಯೇ ಅರ್ಥವಾಗುವುದು ಕಷ್ಟ. ಕೊಟ್ಟಿಗೆಗೆ ಕೇರೆಹಾವು ಬರುತ್ತದೆ, ಅದರ ಬೆನ್ನಿಗೆ ಒಂದೊಂದು ಸಲ ಕಾಳಿಂಗವೂ ಬರುತ್ತದೆ. ಬಂದದ್ದು ಹೋಗಲಿ ಅಂತ ಎಲ್ಲರೂ ದೂರ ನಿಲ್ಲುತ್ತಾರೆ. ಹೋಗದಿದ್ದರೆ ಹಾವು ಹಿಡಿಯುವವರಿಗೆ ಫೋನ್ ಮಾಡುತ್ತಾರೆ.

ಮೊದಲ ಸುತ್ತು ನೀರಸವಾಗಿತ್ತು ಅಂತ ಹೇಳಲೇಬೇಕು. ‘ಇಷ್ ಬಿನ್ ಡಾಗೇಗನ್’, ನಾನು ಇದರ ವಿರುದ್ಧ. ‘ಮೊದಲನೆಯದಾಗಿ’, ‘ಎರಡನೆಯದಾಗಿ’, ‘ಕೊನೆಯದಾಗಿ’. ಎಲ್ಲರ ಬಾಯಲ್ಲೂ ಒಂದೇ ಗೈಡ್ ಪುಸ್ತಕದ ಸಾಲುಗಳು. ವ್ಯಾಕರಣ ಸರಿಯಾಗಿತ್ತು, ಮಾತಿಗೆ ಜೀವ ಇರಲಿಲ್ಲ.

ಚರ್ಚೆಗೆ ಕಳೆ ಬಂದದ್ದು ಪರ ವಹಿಸಿದ ಸಾಗರದ ಕಡೆಯ ಹುಡುಗಿಯಿಂದ. ಆಕೆ ಜರ್ಮನಿಯ ಹೆರ್ನೆ ಊರಿನ ಸುದ್ದಿ ಓದಿಕೊಂಡು ಬಂದಿದ್ದಳು. 2019ರ ಆಗಸ್ಟ್‌ನಲ್ಲಿ ಅಲ್ಲೊಂದು ವಸತಿ ಕಟ್ಟಡದಲ್ಲಿ ನಾಗರ ಜಾತಿಯ ಹಾವೊಂದು ತಪ್ಪಿಸಿಕೊಂಡು ಓಡಾಡಿದ್ದು ನಿಮಗೆ ನೆನಪಿರಬಹುದು. ಅಕ್ಕಪಕ್ಕದ ಮನೆಗಳವರೆಲ್ಲ ಮನೆ ಬಿಟ್ಟು ಹೋಗಬೇಕಾಯಿತು. ಕೆಲವು ದಿನಗಳ ಮೇಲೆ ಹಾವು ಸಿಕ್ಕಿತು. ಅದಾದ ಮೇಲೆ ಆ ಊರಿರುವ ನಾರ್ಡ್‌ರೈನ್-ವೆಸ್ಟ್‌ಫಾಲನ್ ರಾಜ್ಯ ವಿಷಜಂತುಗಳ ಕಾನೂನು ತಂದಿತು. 2021ರ ಜನವರಿ 1ರಿಂದ ಅಲ್ಲಿ ತುಂಬಾ ವಿಷವಿರುವ ಹಾವು, ಚೇಳು, ಜೇಡಗಳನ್ನು ಹೊಸದಾಗಿ ಸಾಕುವಂತಿಲ್ಲ. ಮೊದಲೇ ಸಾಕಿಕೊಂಡಿದ್ದವರು ನೋಂದಣಿ ಮಾಡಿಸಿ, ವಿಮೆ ಇಟ್ಟುಕೊಂಡು ಮುಂದುವರಿಯಬಹುದು. ಇಷ್ಟು ಹೇಳಿ ಆಕೆ ಕೇಳಿದಳು: ನಿಷೇಧ ಮಾಡಿದರೆ ಸಾಕುವವರು ಸಾಕುವುದನ್ನು ಬಿಡುತ್ತಾರಾ, ಇಲ್ಲ ಬಚ್ಚಿಡುತ್ತಾರಾ? ಬಚ್ಚಿಟ್ಟವನಿಗೆ ಹಾವು ಕಚ್ಚಿದರೆ ಅವನು ಆಸ್ಪತ್ರೆಯಲ್ಲಿ ನಿಜ ಹೇಳುತ್ತಾನಾ? ಪ್ರಾಣಿಗೆ ನಿಷೇಧ ಹಾಕುವ ಬದಲು ಸಾಕುವವನಿಗೆ ಪರೀಕ್ಷೆ ಇಡಿ ಅನ್ನುವುದು ಅವಳ ವಾದ. ಜರ್ಮನಿಯ ಇನ್ನೊಂದು ರಾಜ್ಯ ನೀಡರ್‌ಸಾಕ್ಸನ್‌ನಲ್ಲಿ 2013ರ ಜುಲೈನಿಂದ ಹೊಸದಾಗಿ ನಾಯಿ ಸಾಕುವವರೆಲ್ಲ ನಾಯಿಯ ಬಗ್ಗೆ ತಿಳಿವಳಿಕೆ ಇದೆ ಅಂತ ಪರೀಕ್ಷೆ ಕೊಟ್ಟು ತೋರಿಸಬೇಕು. ಅದನ್ನೂ ಮುಂದಿಟ್ಟಳು.

ಅವಳಿಗೆ ಉತ್ತರ ಕೊಟ್ಟವಳು ಆಗುಂಬೆಯ ಹತ್ತಿರದ ಒಂದು ಹಳ್ಳಿಯವಳು. ಪುಸ್ತಕ ಮುಚ್ಚಿಟ್ಟಳು. ‘ಔಷಧ ಎಲ್ಲಿದೆ?’ ಅಂತ ಒಂದೇ ಪ್ರಶ್ನೆ ಕೇಳಿದಳು. ನರ್ಸಿಂಗ್ ಓದುವಾಗ ಮಳೆಗಾಲದಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮಂಡಲದ ಹಾವು ಕಚ್ಚಿದವರು ಬಂದರೆ ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಅಂತ. ಇದನ್ನು ಜರ್ಮನ್‌ನಲ್ಲಿ ಹೇಳುತ್ತಾ ಹೋದವಳಿಗೆ ‘ಹೆಪ್ಪುಗಟ್ಟು’ ಅನ್ನುವಲ್ಲಿ ಮಾತು ನಿಂತಿತು. ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿಕೊಂಡು ನಿಧಾನಕ್ಕೆ ಓರೆ ಮಾಡಿದಳು. ‘ರಕ್ತ ಹೀಗೆ ಓಡುತ್ತದೆ, ನೀರಿನ ಹಾಗೆ. ಓಡಬಾರದು’ ಅಂದಳು. ಮೂರೇ ಸಣ್ಣ ಜರ್ಮನ್ ವಾಕ್ಯ. ಇಡೀ ತರಗತಿ ಬಾಟಲಿಯನ್ನೇ ನೋಡುತ್ತಿತ್ತು.

ಆಮೇಲೆ ತನ್ನ ಊರಿನ ವಿಷಯಕ್ಕೆ ಬಂದಳು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹಾವಿನ ವಿಷದ ಔಷಧ ನಾಲ್ಕು ಜಾತಿಯ ಹಾವುಗಳಿಗೆ ಮಾಡಿದ್ದು. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಕಾಳಿಂಗ ಅದರಲ್ಲಿ ಇಲ್ಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್ ದಾರಿ. ಇಷ್ಟಿದ್ದರೂ ಕಾಳಿಂಗ ಕಚ್ಚಿ ಸತ್ತವರ ಸುದ್ದಿ ನಮ್ಮ ಕಡೆ ಅಪರೂಪ, ಯಾಕಂದ್ರೆ ನಾವು ಅದರ ತಂಟೆಗೆ ಹೋಗುವುದಿಲ್ಲ, ಅದೂ ನಮ್ಮ ತಂಟೆಗೆ ಬರುವುದಿಲ್ಲ ಅಂದಳು. ಅವಳ ಅಜ್ಜಿ ಬೇಸಿಗೆಯಲ್ಲಿ ತೋಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋದಾಗ ಕಾಳಿಂಗದ ಗೂಡು ಕಂಡಿದ್ದರಂತೆ. ಎಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ತಾಯಿ ಹಾವು ಗೂಡಿನ ಮೇಲೆ ಕಾವಲು ಕೂತಿರುತ್ತದೆ. ಅಜ್ಜಿ ಬುಟ್ಟಿ ಅಲ್ಲೇ ಬಿಟ್ಟು ಹಿಂದಕ್ಕೆ ಬಂದರು. ಆ ವರ್ಷ ಆ ಜಾಗದ ದರಕನ್ನು ಮನೆಯವರು ಯಾರೂ ಮುಟ್ಟಲಿಲ್ಲ. ‘ನಮಗೆ ಅದು ಬೇಕು, ಆದರೆ ಮನೆಯೊಳಗೆ ಬೇಡ’ ಅಂತ ಮುಗಿಸಿದಳು.

ಇನ್ನೊಂದು ವಿಷಯ ಗಮನಿಸಿದೆ. ‘ವೈಲ್’, ಅಂದರೆ ‘ಯಾಕಂದ್ರೆ’, ಅಂತ ಕಾರಣ ಹೇಳಲು ಶುರು ಮಾಡಿದರೆ ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗಬೇಕು. ಇಂಗ್ಲಿಷ್ ದಾರಿಯಲ್ಲಿ ಯೋಚಿಸುವವರು ಅಲ್ಲೇ ಮುಗ್ಗರಿಸುತ್ತಾರೆ. ಈ ಹುಡುಗಿ ಒಂದು ಸಲವೂ ಮುಗ್ಗರಿಸಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಇರುವುದಲ್ವಾ, ಊರಿನ ವಿಷಯ ಹೇಳುವಾಗ ಅವಳು ಕನ್ನಡದಲ್ಲೇ ಯೋಚಿಸುತ್ತಿದ್ದಳು. ನಮ್ಮ ಕಡೆಯ ಜರ್ಮನ್ ತರಗತಿಗಳಲ್ಲಿ ಎಲ್ಲವನ್ನೂ ಇಂಗ್ಲಿಷ್ ಮೂಲಕವೇ ಕಲಿಸುವ ಪದ್ಧತಿ ಬಗ್ಗೆ ಇನ್ನೊಮ್ಮೆ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ.

ಪ್ರಾಣಿ ಸಾಕುವ ಪ್ರಶ್ನೆಗೆ ನನ್ನ ಉತ್ತರವನ್ನೂ ಹೇಳಿಬಿಡುತ್ತೇನೆ. ಹಾವಿನ ವಿಷಯದಲ್ಲಿ ನಾನು ಆಗುಂಬೆ ಹುಡುಗಿಯ ಪಕ್ಷ. ನಮ್ಮ ದೇಶದಲ್ಲಿ ಅದಕ್ಕೆ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳಲು ಬಿಡುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ನಾಗರಹಾವು ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಗೇ ಬಂದಿದೆ. ಆ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಮಾಡಿದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಕೈಯಲ್ಲಿ ಹಾವು ಹಿಡಿದು ವಿಡಿಯೋ ಮಾಡಿಕೊಳ್ಳುವ ನಮ್ಮೂರಿನ ಹುಡುಗರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಕು. ಅಷ್ಟೇ ಅಲ್ಲ, ಪಂಜರದಲ್ಲಿ ನಮ್ಮ ಕಾಡಿನ ಗಿಳಿ ಸಾಕುವುದೂ ಇದೇ ಕಾಯ್ದೆಯಲ್ಲಿ ತಪ್ಪು. ಶಿವಮೊಗ್ಗದ ಎಷ್ಟು ಮನೆಯ ಜಗುಲಿಯಲ್ಲಿ ಇವತ್ತಿಗೂ ಗಿಳಿ ಪಂಜರ ತೂಗುತ್ತಿದೆ ನೋಡಿ. ಗಿಳಿ ನಮಗೆ ಅಪಾಯಕಾರಿ ಅಲ್ಲ, ನಾವು ಅದಕ್ಕೆ ಅಪಾಯಕಾರಿ. ಚರ್ಚೆಯಲ್ಲಿ ಈ ಮಾತನ್ನು ಒಬ್ಬರಾದರೂ ಎತ್ತಬೇಕಿತ್ತು.

ನಾಯಿಯ ವಿಷಯದಲ್ಲಿ ಮಾತ್ರ ಸಾಗರದ ಹುಡುಗಿ ಹೇಳಿದ್ದೇ ಸರಿ. 2000ದ ಜೂನ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಆರು ವರ್ಷದ ಹುಡುಗನೊಬ್ಬ ಎರಡು ನಾಯಿಗಳ ಬಾಯಿಗೆ ಸಿಕ್ಕು ಸತ್ತ ಮೇಲೆ ಜರ್ಮನಿಯಲ್ಲಿ ಕಾನೂನು ಬಿಗಿಯಾಯಿತು. 2001ರಿಂದ ಪಿಟ್‌ಬುಲ್ ಸೇರಿ ನಾಲ್ಕು ತಳಿಗಳನ್ನು ಹೊರಗಿನಿಂದ ತರುವ ಹಾಗಿಲ್ಲ. ನಮ್ಮಲ್ಲೂ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದು ಅಂತ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ತಳಿಯ ಹೆಸರಿನ ಪಟ್ಟಿ ಮಾಡುವುದು ಸುಲಭ. ಆದರೆ ನಮ್ಮ ತೋಟದ ಮನೆಗಳಲ್ಲಿ ಹಗಲೆಲ್ಲ ಕಟ್ಟಿಹಾಕಿ, ರಾತ್ರಿ ಸುಮ್ನೆ ಬಿಟ್ಟುಬಿಡುವ ನಾಯಿಗೆ ಯಾವ ತಳಿಯೂ ಇಲ್ಲ. ದಾರಿಯಲ್ಲಿ ಹೋಗುವ ಮಕ್ಕಳಿಗೆ ಕಚ್ಚುವುದು ಜಾಸ್ತಿ ಅದೇ. ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳದೆ ಬೇರೆಯವರಿಗೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಇದೆ. ಇದು ಎಷ್ಟು ಜನರಿಗೆ ಗೊತ್ತು? ಸಾಕುವವನಿಗೆ ನಾಯಿಯ ಸ್ವಭಾವ ಗೊತ್ತಿರಬೇಕು ಅನ್ನುವ ಪದ್ಧತಿಯನ್ನು ನಾವು ಇಲ್ಲಿಂದ ಊರಿಗೆ ಹೇಳಿ ಕಳಿಸಬಹುದು.

ಅಲ್ಲಿಂದ ಇಲ್ಲಿಗೂ ಬರುವುದು ಬೇಕಾದಷ್ಟಿದೆ. ಕಾಳಿಂಗ ಅಂದರೆ ಒಂದೇ ಜಾತಿ ಅಂತ ಬಹಳ ಕಾಲ ತಿಳಿದಿದ್ದರು. 2024ರಲ್ಲಿ ಹಾವುಗಳ ಅಧ್ಯಯನ ಮಾಡುವ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ಅದು ನಾಲ್ಕು ಜಾತಿ ಅಂತ ಯುರೋಪಿನ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದ ಹಾವಿಗೆ ಈಗ ‘ಓಫಿಯೋಫೇಗಸ್ ಕಾಳಿಂಗ’ ಅಂತಲೇ ವೈಜ್ಞಾನಿಕ ಹೆಸರು. ಮ್ಯೂನಿಕ್‌ನಲ್ಲಾಗಲಿ ಟೋಕಿಯೋದಲ್ಲಾಗಲಿ ಇನ್ನು ಆ ಹಾವಿನ ಬಗ್ಗೆ ಬರೆಯುವ ವಿಜ್ಞಾನಿ ನಮ್ಮ ಊರಿನವರು ಕರೆದ ಹೆಸರನ್ನೇ ಬರೆಯಬೇಕು. ಆಗುಂಬೆ ಕಡೆಯ ಕಾಡಿನಲ್ಲಿ ವರ್ಷಗಟ್ಟಲೆ ನಡೆದ ಕಾಳಿಂಗದ ಅಧ್ಯಯನಕ್ಕೆ ಅಲ್ಲಿಯ ಹಳ್ಳಿಯವರ ಸಹಕಾರ ದೊಡ್ಡದು. ಆ ಹಳ್ಳಿಗಳ ಮಕ್ಕಳು ಜರ್ಮನ್ ತರಗತಿಗೆ ಬಂದಾಗ ಅವರ ಕೈಗೆ ಗೈಡ್ ಪುಸ್ತಕ ಕೊಟ್ಟು ‘ಇಷ್ಟು ಬಾಯಿಪಾಠ ಮಾಡು, ಸಾಕು’ ಅನ್ನುವುದು ಅನ್ಯಾಯ.

ಬಾಯಿಪಾಠದಿಂದ ಪರೀಕ್ಷೆ ಪಾಸಾಗಬಹುದು. ಆಮೇಲೆ ಏನು? ರಾತ್ರಿ ಪಾಳಿಯಲ್ಲಿ ರೋಗಿಗೆ ಉಸಿರಾಟ ಕಷ್ಟವಾದಾಗ ಡಾಕ್ಟರಿಗೆ ಫೋನ್ ಮಾಡಿ ಏನಾಗುತ್ತಿದೆ ಅಂತ ಹೇಳಬೇಕು. ಅಲ್ಲಿ ‘ಮೊದಲನೆಯದಾಗಿ, ಎರಡನೆಯದಾಗಿ’ ನಡೆಯುವುದಿಲ್ಲ. ಪದ ಸಿಗದಿದ್ದರೆ ಬೇರೆ ದಾರಿಯಲ್ಲಿ ವಿಷಯ ಮುಟ್ಟಿಸುವ ಧೈರ್ಯ ಬೇಕು. ಬಾಟಲಿ ಓರೆ ಮಾಡಿ ತೋರಿಸಿದ ಹುಡುಗಿಗೆ ಆ ಧೈರ್ಯ ಇದೆ. ನಮ್ಮ ಊರುಗಳಲ್ಲಿ ನಮ್ಮದೇ ಮಣ್ಣಿನ ಪ್ರಶ್ನೆಗಳನ್ನು ಇಟ್ಟು ಚರ್ಚೆ ಮಾಡಿಸಿದರೆ ಇಂಥವರು ಇನ್ನೂ ಎಷ್ಟೋ ಜನ ಹೊರಗೆ ಬರುತ್ತಾರೆ. ಕಾಡುಹಂದಿ ಗದ್ದೆಗೆ ನುಗ್ಗಿದರೆ ಏನು ಮಾಡಬೇಕು? ಶಿವಮೊಗ್ಗದ ಹತ್ತಿರದ ಸಕ್ರೆಬೈಲಿನ ಬಿಡಾರದ ಆನೆಗಳನ್ನು ದಸರಾ ಮೆರವಣಿಗೆಗೆ ಕರೆತರಬೇಕೇ? ಜರ್ಮನ್‌ನಲ್ಲಿ ಇದನ್ನೆಲ್ಲ ಮಾತಾಡಲಿ.

ಈಗ ಸಂಘದ ಕೆಲಸಕ್ಕೆ ಬರುತ್ತೇನೆ. ಆ ತರಗತಿಯವರಿಗೆ ಇಲ್ಲದಿರುವುದು ಒಂದೇ. ಎದುರು ಕೂತು ಜರ್ಮನ್‌ನಲ್ಲಿ ವಾದ ಮಾಡುವ ಹೊಸ ಜನ. ಒಬ್ಬರ ಮಾತು ಇನ್ನೊಬ್ಬರಿಗೆ ಅಭ್ಯಾಸವಾಗಿ ಹೋಗಿದೆ. ನಮ್ಮಲ್ಲಿ ಹತ್ತಿಪ್ಪತ್ತು ವರ್ಷ ಇಲ್ಲಿ ಕೆಲಸ ಮಾಡಿದವರಿದ್ದೀರಿ, ಆಸ್ಪತ್ರೆಗಳಲ್ಲಿ ಇದ್ದೀರಿ, ಇಲ್ಲೇ ಹುಟ್ಟಿ ಬೆಳೆದ ಹೈಸ್ಕೂಲ್ ಮಕ್ಕಳಿದ್ದಾರೆ. ತಿಂಗಳಿಗೆ ಒಂದು ಶನಿವಾರ, ಒಂದು ಗಂಟೆ ವಿಡಿಯೋ ಕರೆಯಲ್ಲಿ ಎದುರು ಪಕ್ಷವಾಗಿ ಕೂತರೆ ಸಾಕು. ಇಲ್ಲಿಯ ಮಧ್ಯಾಹ್ನಕ್ಕೆ ಅಲ್ಲಿ ಸಂಜೆ, ಇಬ್ಬರಿಗೂ ಅನುಕೂಲ. ನಮ್ಮ ಮಕ್ಕಳು ಜರ್ಮನ್‌ನಲ್ಲಿ ವಾದ ಮಾಡಿದ ಮೇಲೆ, ಕೊನೆಯ ಹತ್ತು ನಿಮಿಷ ಅದೇ ವಿಷಯವನ್ನು ಕನ್ನಡದಲ್ಲಿ ಮಾತಾಡಲಿ ಅನ್ನುವುದು ನನ್ನ ಆಸೆ. ಶಿವಮೊಗ್ಗದ ಅಕ್ಕಂದಿರು ಇವರ ಕನ್ನಡ ತಿದ್ದಲಿ, ಇವರು ಅವರ ಜರ್ಮನ್ ತಿದ್ದಲಿ. ಮೇಡಂ ಒಪ್ಪಿದ್ದಾರೆ, ನಮ್ಮ ಸಮಿತಿಯೂ ಒಪ್ಪಿದೆ. ಮೊದಲ ಚರ್ಚೆ ಮುಂದಿನ ತಿಂಗಳು. ವಿಷಯ: ಕಟ್ಟಿಹಾಕಿದ ನಾಯಿ. ಪರ ಇಬ್ಬರು, ವಿರೋಧ ಇಬ್ಬರು ಬೇಕಾಗಿದ್ದಾರೆ. ಹೆಸರು ಕೊಡುವವರು ಮುಂದಿನ ಮಾಸಿಕ ಸಭೆಯಲ್ಲಿ ಕೊಡಿ. ಯಾವ ಕಡೆ ಅನ್ನುವುದನ್ನು ಮಾತ್ರ ಚೀಟಿಯೇ ತೀರ್ಮಾನಿಸುತ್ತದೆ.